ಕಣ್ಣಿಗೆ ಕಾಣದ ಸೊನ್ನೆ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಹದಿನಾಲ್ಕು ವರ್ಷ ಆಯ್ತು. ಎಡಕ್ಕೆ ಕೋಚಿಂಗ್ ಕ್ಲಾಸ್, ಬಲಕ್ಕೆ ಮೆಸ್, ಮೇಲೆ ಹುಡುಗಿಯರ ಪಿಜಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದಲು ಬಂದವರೇ ನನ್ನ ಗಿರಾಕಿಗಳು. ಯಾವ ಹುದ್ದೆಗೆ ಅರ್ಜಿ ಕರೆದಿದ್ದಾರೆ ಅಂತ ತಿಳಿಯಲು ನಾನು ಪೇಪರ್ ಓದಬೇಕಿಲ್ಲ. ಅಂಗಡಿ ಮುಂದಿನ ಪಾಳಿ ನೋಡಿದರೆ ಸಾಕು.

ಮೊದಲು ಹುಡುಗರು ಪೆನ್‌ಡ್ರೈವ್ ಹಿಡಿದು ಬರುತ್ತಿದ್ದರು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ ಪಾಠ ಯೂಟ್ಯೂಬಿಗೆ ಹೋಯಿತು, ನೋಟ್ಸ್ ಟೆಲಿಗ್ರಾಂಗೆ. ಈಗ ಎಐ ಕಾಲ. ಮೊನ್ನೆ ಒಬ್ಬಳು ಬಂದು, "ಅಕ್ಕಾ, ಇದನ್ನ ಎಐ ಬರದು ಕೊಟ್ಟೈತಿ, ಎರಡು ಕಾಪಿ ತಗೀರಿ" ಅಂದಳು. ಬರೆದಿದ್ದು ಯಾರಾದರೇನು, ನನಗೆ ಪುಟದ ಲೆಕ್ಕ.

ಹಾಗಂತಲೇ ಇದ್ದೆ, ಹೋದ ಮಳೆಗಾಲದವರೆಗೆ.

ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ ಗೆಳೆಯನ ಹೆಗಲು ಹಿಡಿದು ಬಂದ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇತ್ತು, ಪರದೆ ಮೇಲಿದ್ದದ್ದನ್ನು ಓದಿ ಹೇಳುವಂಥದ್ದು. ಅದು ಓಡುವ ವೇಗಕ್ಕೆ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವನಿಗೆ ಅದೇ ಸರಾಗ.

"ಅಕ್ಕಾರ, ಈ ನೋಟ್ಸ್ ನೀವ ಟೈಪ್ ಮಾಡಿದ್ದಂತ. ನನ್ನ ಮೊಬೈಲ್ ಓದವಲ್ದುರಿ. ಏನೇನೋ ಒದರಾಕತ್ತೈತಿ."

ತೆರೆದು ನೋಡಿದೆ. ಪಿಡಿಎಫ್ ಚೆಂದ ಇತ್ತು. ಕನ್ನಡ ಸಂಧಿ, ಸಮಾಸ, ಸಂವಿಧಾನ, ಎಲ್ಲ ಸೇರಿ 84 ಪುಟ. ಅದರಲ್ಲಿನ ಒಂದು ಸಾಲನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದೆ. ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು ಸೇರಿದ ಕಿಚಡಿ ಬಂತು! ಅವನ ಮೊಬೈಲ್ ಪಾಪ ಅದನ್ನೇ ನಿಯತ್ತಾಗಿ ಓದುತ್ತಿತ್ತು.

ಡಿಟಿಪಿಯವರಿಗೆ ಇದು ಗೊತ್ತಿರುವ ಮಾತೇ. ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ಕೂರಿಸಿದ್ದರು. ನಾವು ನೋಡುವುದು ಕನ್ನಡ, ಕಂಪ್ಯೂಟರ್ ಇಟ್ಟುಕೊಳ್ಳುವುದು ಇಂಗ್ಲಿಷ್. ಆಗ ಅದು ಬಿಟ್ಟರೆ ದಾರಿ ಇರಲಿಲ್ಲ, ನನ್ನಂಥವರ ಹೊಟ್ಟೆ ತುಂಬಿದ್ದೂ ಅದರಿಂದಲೇ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಸಿಕ್ಕಿದ್ದು 1991ರಲ್ಲೇ. ಆದರೆ ಪ್ರಿಂಟ್ ಸರಿ ಬಂದರೆ ಗಿರಾಕಿ ಖುಷಿ, ನಾನು ಯಾಕೆ ಬದಲಾಗಲಿ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಯುನಿಕೋಡ್‌ನಲ್ಲೂ ಸಿಗುತ್ತದೆ, ಬೆರಳಿಗೆ ಹೊಸದೇನೂ ಕಲಿಸಬೇಕಿರಲಿಲ್ಲ. ಸುಮ್ನೆ ಸೋಮಾರಿತನ ಅಷ್ಟೇ.

ಊರ ತುಂಬ ಎಐ ಪಾಠದ ಬೋರ್ಡು. ಆದರೆ ಫೈಲಿನೊಳಗೆ ಕನ್ನಡವೇ ಇಲ್ಲದಿದ್ದರೆ ಹುಡುಕುವವನಿಗೆ ಸಿಗುವುದಿಲ್ಲ, ಅನುವಾದ ಆಗುವುದಿಲ್ಲ, ಕಣ್ಣಿಲ್ಲದವನಿಗೆ ಕೇಳುವುದಿಲ್ಲ. ಕೆಲವು ಕ್ಲಾಸಿನವರಂತೂ ಪುಟಗಳ ಫೋಟೋ ತೆಗೆದು, ಅಡ್ಡಡ್ಡ ಹೆಸರು ಬರೆದು ಪಿಡಿಎಫ್ ಮಾಡುತ್ತಾರೆ. ನಕಲಾಗುತ್ತದೆ ಅನ್ನುವ ಭಯ. ಆ ಭಯ ಸುಳ್ಳು ಅಂತ ಹೇಳಲು ಝೆರಾಕ್ಸ್ ಅಂಗಡಿಯವಳಿಗೆ ಬಾಯಿ ಇಲ್ಲ ಬಿಡಿ.

ಹಳೆಯ ಫೈಲು ನನ್ನ ಕಂಪ್ಯೂಟರಿನಲ್ಲೇ ಇತ್ತು. ಹಳೆ ಫಾಂಟನ್ನು ಯುನಿಕೋಡ್ ಮಾಡುವ ಕನ್ವರ್ಟರಿಗೆ ಹಾಕಿದೆ. ಒಂದು ನಿಮಿಷದ ಕೆಲಸ. ಆದರೆ ನಡುನಡುವೆ ಇದ್ದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಟ್ಟವು. ಅವನ್ನೆಲ್ಲ ಕೈಯಿಂದ ತಿದ್ದಿ ಎರಡು ದಿನಕ್ಕೆ ವಾಟ್ಸಾಪ್ ಮಾಡಿದೆ.

ಅವನು ಆ ಫೈಲನ್ನು ಒಂದು ಎಐ ಆ್ಯಪ್‌ಗೆ ಕೊಟ್ಟು, ಬಾಯಿಮಾತಿನಲ್ಲೇ ಪ್ರಶ್ನೆ ಕೇಳುತ್ತಾ ಓದತೊಡಗಿದ. ಒಮ್ಮೆ ನನ್ನ ಅಂಗಡಿಯಲ್ಲೇ ಕೂತು ಕೇಳಿಸಿದ. 'ಮಳೆಗಾಲ' ಯಾವ ಸಂಧಿ ಅಂದರೆ ಅದು ಲೋಪ ಸಂಧಿ ಅಂತು, ಅದೂ ಎಂಥ ಧೈರ್ಯದಲ್ಲಿ! ಇವನು ನಕ್ಕ. "ಕಾಲದ 'ಕ' ಹೋಗಿ 'ಗ' ಬಂತು, ಆದೇಶ ಸಂಧಿ. ನೋಟ್ಸ್‌ನಾಗ ಐತಿ, ಸರಿಯಾಗಿ ನೋಡು" ಅಂತ ಅದಕ್ಕೇ ಬೈದ. ಅದು ಕ್ಷಮೆ ಕೇಳಿತು. ರಾತ್ರಿ ಹನ್ನೊಂದಕ್ಕೂ ಬೇಸರವಿಲ್ಲದೆ ಪ್ರಶ್ನೆ ಕೇಳಿಸಿಕೊಳ್ಳುವವರು ಅವನಿಗೆ ಮೊದಲು ಯಾರೂ ಇರಲಿಲ್ಲ. ತಪ್ಪು ಹೇಳಿದರೂ ಅದು ದೊಡ್ಡದು ಅಂತ ನನಗೆ ಅನಿಸಿತು. ತಪ್ಪು ಹಿಡಿಯಲು ಕೈಯಲ್ಲಿ ಸರಿಯಾದ ನೋಟ್ಸ್ ಇರಬೇಕು, ಅಷ್ಟೇ.

ಆದರೆ ನನ್ನ ತಪ್ಪನ್ನೂ ಅವನು ಬಿಡಲಿಲ್ಲ. "ಅಕ್ಕಾರ, ಭಾಳ ಕಡೆ 'ಸ ಸೊನ್ನೆ ಧಿ' ಅಂತ ಓದತೈತ್ರಿ."

ಎಷ್ಟು ನೋಡಿದರೂ ನನಗೆ ಕಾಣಲಿಲ್ಲ. ಪರದೆ ಮೇಲೆ ಸರಿಯಾಗಿಯೇ ಇತ್ತು. ಆಮೇಲೆ ಹೊಳೆಯಿತು. ಟೈಪ್ ಮಾಡುವ ಅವಸರದಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಒತ್ತುವ ಚಾಳಿ ನನಗೆ. 'ಸಂಧಿ' ಮತ್ತು 'ಸ೦ಧಿ' ಕಾಗದದ ಮೇಲೆ ಒಂದೇ. ಇಷ್ಟು ವರ್ಷದಲ್ಲಿ ಕಣ್ಣಿದ್ದವರು ಒಬ್ಬರೂ ಕೇಳಿರಲಿಲ್ಲ.

ಇದೇನು ಮಹಾ ಅಂತ, ಇಡೀ ಫೈಲಿನಲ್ಲಿ ಸೊನ್ನೆ ಇದ್ದಲ್ಲೆಲ್ಲ ಅನುಸ್ವಾರ ಬರುವಂತೆ ಒಂದೇ ಏಟಿಗೆ ಬದಲಿಸಿ ಕಳಿಸಿದೆ. ಸಂಜೆ ಫೋನ್ ಬಂತು. ನಗು ತಡೆದುಕೊಂಡೇ ಮಾತಾಡುತ್ತಿದ್ದ.

"ಸಂಧಿ ಎಲ್ಲಾ ಬರೋಬ್ಬರಿ ಆಗ್ಯಾವ್ರಿ ಅಕ್ಕಾರ. ಆದ್ರ ನಮ್ಮ ಸಂವಿಧಾನ ನೂರಾ ತೊಂಬತ್ತೈದನೇ ಇಸವಿಗೆ ಜಾರಿ ಆತಂತ್ರಿ."

೧೯೫೦ರ ಸೊನ್ನೆಯೂ ಹೋಗಿತ್ತು. ಅಂಗಡಿ ಬಾಗಿಲು ಅರ್ಧ ಎಳೆದು, ಚಹಾ ತರಿಸಿಕೊಂಡು, ಮೊದಲ ಪುಟದಿಂದ ಇಸವಿ ಹುಡುಕುತ್ತಾ ಕೂತೆ.