ಮಾವನ ಜೊತೆ ಗಿರಣಗಾಂವ್‌ಗೆ

ಗಿರಣಗಾಂವ್ ಅಂದರೆ ಮುಂಬೈನ ಹಳೆಯ ಹತ್ತಿ ಗಿರಣಿಗಳ ಪ್ರದೇಶ. ಅದನ್ನು ನೋಡಲು ಭಾನುವಾರ ಡೊಂಬಿವ್ಲಿಯಿಂದ ಲೋಕಲ್ ಹಿಡಿದು ಕರಿ ರೋಡಿನಲ್ಲಿ ಇಳಿದೆವು. ಮಾವ ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತಿದ್ದರು. ಜಗಳವೇನೋ ಅಂತ ಜನ ತಿರುಗಿ ನೋಡುತ್ತಿದ್ದರು. ಗಿರಣಿಯ ಮಗ್ಗದ ವಿಭಾಗದ ಸದ್ದಿನಲ್ಲಿ 18 ವರ್ಷ ದುಡಿದ ಕಿವಿ, ಏನು ಮಾಡೋದು!

ಕಾರ್ಕಳದಿಂದ ಬಂದ ಮಾವ ಮೊದಲು ಹೋಟೆಲಿನಲ್ಲಿ ಕಪ್ಪು ತೊಳೆದರು. ರಾತ್ರಿ ಕನ್ನಡ ಶಾಲೆ. ಆಮೇಲೆ ಮಿಲ್ಲಿನ ಗೇಟಿನಲ್ಲಿ ಬದ್ಲಿಯಾಗಿ ನಿಂತರು. ಅಂದರೆ ಯಾರಾದರೂ ರಜೆ ಹಾಕಿದರೆ ಆ ದಿನ ಕೂಲಿ, ಇಲ್ಲದಿದ್ದರೆ ವಾಪಸ್.

ಮುಂಬೈನ ಮೊದಲ ಹತ್ತಿ ಗಿರಣಿ ಶುರುವಾಗಿದ್ದು 1850ರ ದಶಕದಲ್ಲಿ, ತಾಡದೇವದಲ್ಲಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿತು. ಇಂಗ್ಲೆಂಡಿಗೆ ಅಲ್ಲಿನ ಹತ್ತಿ ಸಿಗದಾಯಿತು. ನಮ್ಮ ಧಾರವಾಡ ಕಡೆಯ ಹತ್ತಿಗೂ ಬೆಲೆ ಬಂತು, ಮುಂಬೈಗೆ ಹಣ ಹರಿಯಿತು. ಆಮೇಲೆ ಗಿರಣಿಗಳ ಮೇಲೆ ಗಿರಣಿಗಳು ಎದ್ದವು. ಅಂದಹಾಗೆ ನಾವು ತಿರುಗಾಡಲು ಹೊರಟ ಈ ಭಾನುವಾರದ ರಜೆಯೂ ಸುಮ್ನೆ ಬಂದದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿ ಕೇಳಿದ ಮೇಲೆ, 1890ರಲ್ಲಿ ಮಾಲೀಕರು ಒಪ್ಪಿದ್ದು.

ಒಂದು ಹಳೆಯ ಚಾಳಿನ (ಸಾಲು ಕೋಣೆಗಳ ವಠಾರ) ಮುಂದೆ ಮಾವ ನಿಂತರು. ಒಂದು ಕೋಣೆಯಲ್ಲಿ ಹನ್ನೆರಡು ಜನ. ಊಟ ಖಾನಾವಳಿಯಲ್ಲಿ, ನಿದ್ದೆ ಪಾಳಿಯ ಮೇಲೆ. "ನಾನು ಎದ್ದ ಚಾಪೆ ಮೇಲೆ ಇನ್ನೊಬ್ಬ ಬಂದು ಬೀಳ್ತಿದ್ದ ಮಾರಾಯ. ಚಾಪೆ ತಣ್ಣಗಾದದ್ದೇ ಇಲ್ಲ." ಗಡಿಯಾರ ಯಾರ ಹತ್ತಿರ ಇತ್ತು? ಮಿಲ್ಲಿನ ಭೋಂಗಾ ಕೂಗಿದರೆ ಇಡೀ ಓಣಿ ಏಳುತ್ತಿತ್ತಂತೆ.

1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತ್ ಹಿಂದೆ ಸುಮಾರು ಎರಡೂವರೆ ಲಕ್ಷ ಕೆಲಸಗಾರರು. ಮಾವ ಊರಿಗೆ ಹೋಗಿ ಕಾದರು. ಅವರ ಮಿಲ್ಲು ಮತ್ತೆ ತೆರೆಯಲಿಲ್ಲ, ಬಾಕಿ ಹಣವೂ ಪೂರ್ತಿ ಬರಲಿಲ್ಲ. ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ.

ಫೀನಿಕ್ಸ್ ಮಿಲ್ ಇದ್ದಲ್ಲಿ ಈಗ ಮಾಲ್. ಹಳೆಯ ಚಿಮಣಿ ಮಾತ್ರ ಉಳಿದಿದೆ. ಬಾಗಿಲಲ್ಲಿ ಕಾವಲಿನವನು ಮಾವನ ಜೇಬು ತಡಕಿದ. ಮಾವನಿಗೆ ನಗು. "ಆಗ ಹೊರಗೆ ಹೋಗುವಾಗ ತಡಕ್ತಿದ್ರು, ಬಟ್ಟೆ ಕದ್ದಿದ್ದಾರೆ ಅಂತ!"

ಒಳಗೆ ಒಂದು ಅಂಗಡಿಯಲ್ಲಿ ಅಂಗಿ ಕೈಗೆತ್ತಿಕೊಂಡರು. ಬೆಲೆ ನೋಡಲೇ ಇಲ್ಲ. ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿದರು, ಬೆಳಕಿಗೆ ಹಿಡಿದು ನೂಲಿನ ಒತ್ತು ನೋಡಿದರು. ಅಂಗಡಿಯ ಹುಡುಗ ಹಿಂದಿನಿಂದ ಸೈಜ್ ಕೇಳಿದ. ಮಾವನಿಗೆ ಕೇಳಿಸಲಿಲ್ಲ. ನಾನೇ "ಸುಮ್ನೆ ನೋಡ್ತಿದ್ದೇವೆ" ಅಂದೆ.