ಕರೆಂಟ್ ಹೋದರೆ ಐಸ್ ಗೋಡೆ ಏನಾಗುತ್ತದೆ?

ಸುರಂಗ ಅಗೆಯಲು ಸುತ್ತಲಿನ ಮಣ್ಣನ್ನೇ ಹೆಪ್ಪುಗಟ್ಟಿಸುತ್ತಾರೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಕರೆಂಟ್ ಹೋದ್ರೆ ಏನ್ ಗತಿ?" ಕೆಲವು ಗಂಟೆ ಹೋದರೆ ಗೋಡೆಗೆ ಏನೂ ಆಗುವುದಿಲ್ಲ ಅನ್ನುವುದು ನನ್ನ ಉತ್ತರ. ಆದರೆ ಅಷ್ಟಕ್ಕೇ ಬಿಟ್ಟರೆ ತಪ್ಪಾಗುತ್ತದೆ.

ನೀರು ತುಂಬಿದ ಮರಳನ್ನು ಅಗೆದರೆ ಅದು ನಿಲ್ಲುವುದಿಲ್ಲ, ನೀರಿನ ಜೊತೆಗೇ ಒಳಗೆ ನುಗ್ಗುತ್ತದೆ. ಬರ್ಲಿನ್‌ನಲ್ಲಿ 2021ರಲ್ಲಿ ತೆರೆದ ಮುಸೇಯುಮ್ಸ್‌ಇನ್ಸೆಲ್ ಮೆಟ್ರೊ ನಿಲ್ದಾಣವನ್ನು ಅಂಥ ಮಣ್ಣಿನಲ್ಲೇ, ಶ್ಪ್ರೇ ಕಾಲುವೆಯ ಕೆಳಗೆ ಕಟ್ಟಿದರು. ಮೇಲೆ ನೀರು, ಅಕ್ಕಪಕ್ಕ ಹಳೆಯ ಕಟ್ಟಡಗಳು. ಮೇಲಿನಿಂದ ತೋಡುವ ಹಾಗಿಲ್ಲ. ಇಂಥ ಕಡೆ ಮಣ್ಣಿನೊಳಗೆ ಸುಮಾರು ಒಂದೊಂದು ಮೀಟರಿಗೆ ಪೈಪು ತೂರಿಸಿ, ಮೈನಸ್ 30 ಡಿಗ್ರಿ ಆಸುಪಾಸಿನ ಉಪ್ಪುನೀರು ಹರಿಸುತ್ತಾರೆ. ಪ್ರತಿ ಪೈಪಿನ ಸುತ್ತ ಐಸ್ ಬೆಳೆದು, ಪಕ್ಕದ್ದರ ಜೊತೆ ಕೂಡಿ ಗೋಡೆಯಾಗುತ್ತದೆ. ಇದಕ್ಕೆ ವಾರಗಟ್ಟಲೆ ಬೇಕು. ಅವಸರವಿದ್ದರೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಬಿಡುತ್ತಾರೆ, ಕೆಲವೇ ದಿನ ಸಾಕು. ಖರ್ಚು ಮಾತ್ರ ಜಾಸ್ತಿ.

ಇನ್ನು ಕರೆಂಟಿನ ಮಾತು. 0 ಡಿಗ್ರಿಯ ಐಸನ್ನು ಬರೀ ನೀರು ಮಾಡಲು ಬೇಕಾಗುವ ಶಾಖದಲ್ಲಿ ಅದೇ ನೀರನ್ನು 80 ಡಿಗ್ರಿವರೆಗೆ ಕಾಯಿಸಬಹುದು! ಹಾಗಾಗಿ ಒಂದೆರಡು ಮೀಟರ್ ದಪ್ಪದ ಗೋಡೆ ಬೇಗ ಕರಗದು. ಅದರ ನಿಜವಾದ ಶತ್ರು ಹರಿಯುವ ನೀರು. ನೆಲದಡಿಯ ನೀರು ದಿನಕ್ಕೆ ಒಂದೆರಡು ಮೀಟರಿಗಿಂತ ವೇಗವಾಗಿ ಸರಿದರೆ, ಪೈಪುಗಳ ನಡುವೆ ಐಸ್ ಕೂಡಿಕೊಳ್ಳುವುದೇ ಕಷ್ಟ. ಒಂದು ಸಣ್ಣ ಸಂದು ಉಳಿದರೂ ಸಾಕು.

ಶಾಂಘೈ ಮೆಟ್ರೊ 4ನೇ ಮಾರ್ಗದಲ್ಲಿ 2003ರ ಜುಲೈ 1ರಂದು ಆದದ್ದನ್ನು ನಾನು ಯಾವಾಗಲೂ ಹೇಳುತ್ತೇನೆ. ಎರಡು ಸುರಂಗ ಜೋಡಿಸುವ ಅಡ್ಡದಾರಿಯ ಕೆಲಸ ನಡೆಯುತ್ತಿತ್ತು. ಅದಕ್ಕೂ ಕೆಲವು ದಿನ ಮೊದಲೇ ತಂಪು ಮಾಡುವ ಯಂತ್ರ ಕೆಟ್ಟು, ಮಣ್ಣಿನ ತಾಪಮಾನ ಏರತೊಡಗಿತ್ತು. ಆದರೂ ಅಗೆತ ಮುಂದುವರಿಯಿತು. ನೀರು, ಮರಳು ಒಳಗೆ ನುಗ್ಗಿ ಸುರಂಗ ಹಾಳಾಯಿತು, ಮೇಲಿನ ಕಟ್ಟಡಗಳು ವಾಲಿ ಕುಸಿದವು. ಜನರನ್ನು ಮೊದಲೇ ತೆರವು ಮಾಡಿಸಿದ್ದರಿಂದ ಪ್ರಾಣಹಾನಿ ಆಗಲಿಲ್ಲ. ಯಂತ್ರ ಕೆಡುವುದು ಸಹಜ, ಅಲ್ವಾ? ಅದಕ್ಕೆಂದೇ ಇನ್ನೊಂದು ಯಂತ್ರ, ಜನರೇಟರ್ ಇಟ್ಟಿರಬೇಕು. ತಾಪಮಾನ ಏರುವುದನ್ನು ಕಂಡೂ ಅಗೆದರಲ್ಲ, ಅದನ್ನು ಮಾತ್ರ ನನಗೆ ಒಪ್ಪಲಾಗುವುದಿಲ್ಲ.

ಕೆಲಸ ಮುಗಿದು ಬೇಕೆಂದೇ ಯಂತ್ರ ನಿಲ್ಲಿಸಿದ ಮೇಲೂ ಅಳತೆ ನಿಲ್ಲಿಸುವ ಹಾಗಿಲ್ಲ. ಐಸ್ ಪೂರ್ತಿ ಕರಗಲು ತಿಂಗಳುಗಳೇ ಹಿಡಿಯಬಹುದು. ಜೇಡಿ ಹೆಚ್ಚಿರುವ ಮಣ್ಣು ಆಗ ಕುಸಿಯುತ್ತದೆ, ಅದಕ್ಕೆ ಹಂತಹಂತವಾಗಿ ಸಿಮೆಂಟ್ ರಸ ತುಂಬುತ್ತಾ ಹೋಗಬೇಕು.