ಕಪ್ಪು-ಬಿಳುಪು ಪ್ರಿಂಟಿಗೆ ಯಾವ ಪೇಪರ್?

ಇಟಗಿಯ ಮಹಾದೇವ ದೇವಾಲಯದ ಕಂಬ, ಆನೆಗೊಂದಿಯ ಬಂಡೆ. ಎರಡೂ ಕೊಪ್ಪಳ ಜಿಲ್ಲೆಯವೇ, ಆದರೆ ಎರಡರ ಫೋಟೋಗಳಿಗೂ ಒಂದೇ ಪೇಪರ್ ಒಗ್ಗುವುದಿಲ್ಲ. 1112ರ ಆ ಕಂಬಗಳದ್ದು ಬಳಪದ ಕಲ್ಲು. ನಯವಾದ ಕಪ್ಪು ಮೈ, ಅದರ ಮೇಲೊಂದು ಬೆಳಕಿನ ಗೆರೆ: ಚಿತ್ರದ ಜೀವ ಕಡುಗಪ್ಪಿನಲ್ಲಿದೆ. ಬಂಡೆಯದ್ದು ನಡುವಿನ ಬೂದುಗಳಲ್ಲಿ.

ಕಡುಗಪ್ಪು ಬೇಕಿದ್ದರೆ ಬರೈಟಾ ಪೇಪರ್ (ಬೇರಿಯಂ ಸಲ್ಫೇಟ್ ಲೇಪದ, ಹೊಳಪಿನ ಪೇಪರ್) ತೆಗೆದುಕೊಳ್ಳಿ. ಒಳ್ಳೆಯ ಬರೈಟಾದಲ್ಲಿ ಕಪ್ಪಿನ ಸಾಂದ್ರತೆ 2.2 ದಾಟುತ್ತದೆ, ಹೊಳಪಿಲ್ಲದ, ಹತ್ತಿಯಿಂದ ಮಾಡಿದ ಮ್ಯಾಟ್ ಕಾಟನ್ ಪೇಪರಿನಲ್ಲಿ 1.6ರ ಆಸುಪಾಸು. ಇದು ಲಾಗ್ ಅಳತೆ: ಸಾಂದ್ರತೆ 1 ಹೆಚ್ಚಿದರೆ ಹಿಂದಕ್ಕೆ ಬರುವ ಬೆಳಕು ಹತ್ತರಲ್ಲೊಂದು ಪಾಲಾಗುತ್ತದೆ. ಅಂದರೆ ಮ್ಯಾಟ್‌ನ ಕಪ್ಪು ಸುಮಾರು ನಾಲ್ಕು ಪಟ್ಟು ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಬಂಡೆಗೆ ಅದೇನೂ ಕೊರತೆಯಲ್ಲ, ಒರಟು ಮೈ ಒಪ್ಪಿಯೇ ಒಪ್ಪುತ್ತದೆ. ಆದರೆ ಮ್ಯಾಟ್‌ನಲ್ಲಿ ಗಾಢ ನೆರಳುಗಳು ಒಂದರಲ್ಲೊಂದು ಕೂಡಿಕೊಳ್ಳುತ್ತವೆ. 0 ಕಪ್ಪು, 255 ಬಿಳಿ ಎಂಬ ಲೆಕ್ಕದಲ್ಲಿ 0, 5, 10 ಹೀಗೆ 50ರವರೆಗೆ ಬೂದು ಚೌಕಗಳನ್ನು ಪ್ರಿಂಟ್ ಮಾಡಿ, ಒಣಗಿದ ಮೇಲೆ ಕಿಟಕಿಯ ಬೆಳಕಿನಲ್ಲಿ ನೋಡಿ. 0 ಮತ್ತು 15 ಒಂದೇ ಆಗಿ ಕಂಡರೆ ಫೋಟೋ ತಿದ್ದುವ ತಂತ್ರಾಂಶದ ಕರ್ವ್‌ನಲ್ಲಿ 15ರ ಸುತ್ತಮುತ್ತ ಮಾತ್ರ ಎತ್ತಿ. 0 ಅನ್ನು ಮುಟ್ಟಬೇಡಿ. ಮುಟ್ಟಿದರೆ ಇಡೀ ಚಿತ್ರವೇ ಮಂಕಾಗುತ್ತದೆ.

ಪಿಗ್ಮೆಂಟ್ ಪ್ರಿಂಟರಿನಲ್ಲಿ (ಬಣ್ಣದ ಕಣಗಳಿರುವ ಇಂಕಿನ ಇಂಕ್‌ಜೆಟ್) ಯಾವ ಕಪ್ಪು ಇಂಕ್ ಬೀಳಬೇಕೆಂದು ನಿರ್ಧರಿಸುವುದು ಡ್ರೈವರಿನ ಮೀಡಿಯಾ ಟೈಪ್, ಅಂದರೆ ಪೇಪರಿನ ಬಗೆಯನ್ನು ಆರಿಸುವ ಆಯ್ಕೆ. ಮ್ಯಾಟ್ ಪೇಪರಿಗೆ ಫೋಟೋ ಬ್ಲ್ಯಾಕ್ ಬಿದ್ದರೆ ಕಪ್ಪು ಬೂದಾಗುತ್ತದೆ. ಬರೈಟಾಕ್ಕೆ ಮ್ಯಾಟ್ ಬ್ಲ್ಯಾಕ್ ಬಿದ್ದರೆ ಬೆರಳು ತಾಕಿದಲ್ಲೆಲ್ಲ ಅಳಿಸಿಬರುತ್ತದೆ. ಬೂದು ಇಂಕ್ ಇಲ್ಲದ ಪ್ರಿಂಟರಾದರೆ ಹಸಿರು ಅಥವಾ ಕೆನ್ನೀಲಿ ಛಾಯೆ ತಪ್ಪುವುದು ಕಷ್ಟ. ಆ ಪೇಪರಿಗೇ ಮಾಡಿದ ಪ್ರೊಫೈಲ್ (ಬಣ್ಣ ಸರಿಹೊಂದಿಸುವ ಫೈಲ್) ಬಳಸಿ.

ಪೇಪರಿನ ಬಿಳುಪಿಗೆ ಮರುಳಾಗಬೇಡಿ. ಅಂಗಡಿಗಳಲ್ಲಿ ನೋಟು ನೋಡುವ ಯುವಿ ಲೈಟ್ ಹಿಡಿದಾಗ ನೀಲಿಯಾಗಿ ಹೊಳೆದರೆ ಅದರಲ್ಲಿ ಬ್ರೈಟ್ನರ್ (ಬಿಳುಪು ಹೆಚ್ಚಿಸುವ ರಾಸಾಯನಿಕ) ಇದೆ. ಬಳ್ಳಾರಿ, ರಾಯಚೂರಿನ ಬಿಸಿಲು ಬೀಳುವ ಗೋಡೆಯಲ್ಲಿ ಅದರ ಶಕ್ತಿ ಕುಂದಿ, ಪೇಪರ್ ಹಳದಿಗೆ ತಿರುಗುತ್ತದೆ. ಬಹುಕಾಲ ಇರಬೇಕಾದ ಪ್ರಿಂಟಿಗೆ ಬ್ರೈಟ್ನರ್ ಇಲ್ಲದ ಕಾಟನ್ನೇ ಸರಿ.

ಬೇಸಿಗೆಯ ಒಣಹವೆಗೆ ಹಾಳೆಯ ಅಂಚು ಮೇಲೇಳುತ್ತದೆ, ಪ್ರಿಂಟ್ ಹೆಡ್ ತಾಗಿ ಕರಿ ಗೀರು ಬೀಳುತ್ತದೆ. ಪ್ಯಾಕೆಟ್ಟಿನಿಂದ ಬೇಕಾದಷ್ಟೇ ತೆಗೆಯಿರಿ. 300 ಜಿಎಸ್‌ಎಂ ಆಸುಪಾಸಿನ ದಪ್ಪ ಪೇಪರಿಗೆ ಪ್ಲೇಟನ್ ಗ್ಯಾಪ್ (ಪ್ರಿಂಟ್ ಹೆಡ್‌ಗೂ ಅದರ ಕೆಳಗೆ ಪೇಪರ್ ಸಾಗುವ ತಟ್ಟೆಗೂ ನಡುವಿನ ಅಂತರ) ಅಗಲ ಮಾಡಿ. ಕಾಟನ್ ಪೇಪರನ್ನು ಮೆತ್ತನೆಯ ಬ್ರಷ್‌ನಿಂದ ಝಾಡಿಸದೆ ಹಾಕಬೇಡಿ: ಎಳೆಯೋ ದೂಳೋ ಕೂತ ಕಡೆ ಇಂಕ್ ಅದರ ಮೇಲೆ ಬಿದ್ದಿರುತ್ತದೆ, ಅದು ಉದುರಿದಾಗ ಕಪ್ಪಿನ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ.

ಬರೈಟಾ ಪ್ರಿಂಟನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರೆ ಇಂಕ್ ಬಿದ್ದ ಜಾಗಕ್ಕೂ ಬೀಳದ ಜಾಗಕ್ಕೂ ಹೊಳಪಿನ ವ್ಯತ್ಯಾಸ ಕಾಣಬಹುದು. ಗಾಜಿನ ಹಿಂದೆ ಅದು ಅಷ್ಟಾಗಿ ಕಾಣುವುದಿಲ್ಲ. ಕಟ್ಟು ಹಾಕಿಸುವ ಮುಂಚೆ ಮೇಲೊಂದು ಸಾದಾ ಹಾಳೆ ಹೊದಿಸಿ, ಕನಿಷ್ಠ 24 ಗಂಟೆ ಒಣಗಲು ಬಿಡಿ. ಅವಸರ ಮಾಡಿದರೆ ಇಂಕಿನ ಆವಿ ಗಾಜಿನ ಒಳಮೈಗೆ ಮಂಜಿನಂತೆ ಕಟ್ಟುತ್ತದೆ. ಗಾಜು ಪ್ರಿಂಟಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಹಾಕಲು ಹೇಳಿ.